ಏಳನೇ ಸಾಲು

ದಾವಣಗೆರೆಯಲ್ಲಿ ಸ್ವೆಟರಿಗೆ ಎಷ್ಟು ದಿನದ ಕೆಲಸ?
ಪುಷ್ಯದಲ್ಲಿ ಹದಿನೈದು ಬೆಳಗು, ಅದೂ ಎಂಟು ಗಂಟೆಯ ತನಕ.
ಆದರೂ ಏಪ್ರಿಲ್ಲಿನಲ್ಲೇ ಉಲ್ಲನ್ ಮಡಿಲಲ್ಲಿಟ್ಟು
ಬೆವರುತ್ತ ಕೂರುತ್ತೇವೆ,
ಎರಡನೇ ಶನಿವಾರ, ಚೌಕಿಪೇಟೆಯ
ಕೊಟ್ರಮ್ಮನ ಮಾಳಿಗೆ ಕೋಣೆಯಲ್ಲಿ.
ಇರುವುದೊಂದು ಫ್ಯಾನು. ತಿರುಗಿದರೆ ಚೂರುಬಟ್ಟೆ ಹಾರುತ್ತವೆ,
ನಿಂತರೆ ನಮ್ಮ ಜೀವ.

ಮುಗಿದದ್ದನ್ನೇ ತರಬೇಕೆಂದಿಲ್ಲ.
ಹಾಲಮ್ಮನವರ ಕೌದಿ ಮೂರು ವರ್ಷದಿಂದ ಬರುತ್ತಿದೆ.
ಅಷ್ಟರಲ್ಲಿ ಮೊಮ್ಮಗ ಹುಟ್ಟಿ, ಅದರ ಮೇಲೇ ಉಚ್ಚೆ ಹೊಯ್ದು,
ಈಗ ಅಂಗನವಾಡಿಗೆ ಹೋಗುತ್ತಾನೆ;
ಕೌದಿಗಿನ್ನೂ ನಾಲ್ಕನೇ ಮೂಲೆ ಬಂದಿಲ್ಲ.
ತಿಪ್ಪೇರುದ್ರಪ್ಪ ಒಬ್ಬರೇ ಗಂಡಸು, ಬಸ್ ಕಂಡಕ್ಟರಾಗಿದ್ದವರು.
ಟಿಕೆಟ್ ಹರಿದ ಬೆರಳಲ್ಲಿ ಕಡ್ಡಿಯ ಮೇಲಿನ ಕುಣಿಕೆ ಎಣಿಸುತ್ತಾರೆ
(ಕುಣಿಕೆಗೆ ನಾವು ಮನೆ ಅನ್ನುತ್ತೇವೆ),
ಒಂದು ಮನೆ ಬಿದ್ದರೂ
‘ಹಿಂದೆ ಸರೀರಿ, ಹಿಂದೆ ಸರೀರಿ’ ಎಂದು
ಸಾಲು ಸಾಲೇ ಬಿಚ್ಚುತ್ತಾರೆ.

ಕಟ್ಟಳೆ ಒಂದೇ: ಮೊದಲು ಹಿಂಬದಿ ತೋರಿಸಬೇಕು.
ಗಂಟು, ಜೋಲುವ ಎಳೆ, ಬಣ್ಣ ಸಾಲದೆ ಬೇರೆ ನೂಲು ಸೇರಿಸಿದ ಜಾಗ.
ಮುಂಬದಿ ಎಲ್ಲರದೂ ಚೆಂದವೇ.

ಮೆಹತಾಬಳ ಮನೆ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ.
ಬಿಳಿ ಉಲ್ಲನ್ ಮುಟ್ಟಳು.
‘ಮಸಿ ಮೊದಲು ಹೆಣೀತೈತಿ, ಆಮ್ಯಾಲೆ ನಾನು.’
ಅವಳ ಕಂದು ಶಾಲಿನ ಅಂಚಿಗೆ ಜೋಳದ ತೆನೆ,
ಒಂದರ ಪಕ್ಕ ಒಂದು, ಗಾಳಿ ಬಂದಂತೆ ಬಾಗಿದ್ದವು.

ಅದನ್ನು ನಾನು ಕದ್ದೆ.
ಅವಳು ಮಿರ್ಚಿ ತರಲು ಕೆಳಗಿಳಿದಾಗ ಫೋನಿನಲ್ಲಿ ಹಿಡಿದೆ.
ಮಗನ ಚೌಕಳಿ ನೋಟ್‌ಬುಕ್ಕಿನಲ್ಲಿ ಐದು ರಾತ್ರಿ
ಸೀದಾಗೆ ಚುಕ್ಕಿ, ಉಲ್ಟಾಗೆ ಗೀಟು.
ಹರಿಹರದ ನಾದಿನಿ ಕೇಳಿದಳು, ಯಾರು ಹೇಳಿಕೊಟ್ಟರು?
ನನ್ನದೇ, ಅಂದೆ.
ಹಾಳೆಯನ್ನೂ ಹರಿದು ಕೊಟ್ಟೆ, ದೊಡ್ಡ ಮನಸ್ಸಿನವಳಂತೆ.

ಮುಂದಿನ ಶನಿವಾರ ನನ್ನ ನೀಲಿ ಶಾಲನ್ನು ಹಿಂಬದಿ ಮೇಲಾಗಿ ಹಾಸಿದೆ.
ಯಾಕೆ ತಂದೆನೋ. ಮುಚ್ಚಿಡಬಹುದಿತ್ತು.
ಮೆಹತಾಬಳ ಬೆರಳು ಬುಡದಿಂದ ಏರಿತು,
ಐದು, ಆರು,
ಏಳನೇ ಸಾಲಲ್ಲಿ ನಿಂತಿತು.
‘ಇಲ್ಲೊಂದು ಮನಿ ಹೆಚ್ಚೈತಿ.’
ಮತ್ತೆ ಎಣಿಸಿದಳು. ‘ಇದು ನನ್ನ ತಪ್ಪು,’ ಅಂದಳು,
ಎಂದೋ ಕಳೆದ ತಂಬಿಗೆಯ ತಳದಲ್ಲಿ
ತನ್ನ ಹೆಸರು ಓದಿದವಳಂತೆ.

ಎಲ್ಲ ಹೇಳಿದೆ. ಫೋನು, ನೋಟ್‌ಬುಕ್ಕು, ಹರಿಹರ.
ಅವಳು ಸುಮ್ಮನೆ ಮಿರ್ಚಿಯ ತೊಟ್ಟು ಮುರಿಯುತ್ತ ಕೂತಳು.
ತಿಪ್ಪೇರುದ್ರಪ್ಪ ಕನ್ನಡಕ ಏರಿಸಿ,
‘ಟಿಕೆಟ್ ಇಲ್ದೆ ಹತ್ತೀರಿ. ದಂಡ ಕಟ್ರಿ.’
ಯಾರೂ ನಗಲಿಲ್ಲ. ಆಮೇಲೆ ಅವಳೇ ನಕ್ಕಳು.

‘ನಂದೂ ಅಲ್ಲ ಬಿಡ್ರಿ.
ನಮ್ಮತ್ತೆ ರಾಣೆಬೆನ್ನೂರಿನ ನರ್ಸಮ್ಮ ಒಬ್ಬರ ಶಾಲು ನೋಡಿ ಕಲ್ತದ್ದು.
ಆ ಹೆಚ್ಚಿನ ಮನಿ ಅತ್ತೇದೋ, ನರ್ಸಮ್ಮಂದೋ.
ಒಮ್ಮೆ ತೆಗೆದು ನೋಡಿದ್ದೆ:
ತೆನಿ ಬಾಗಲಿಲ್ಲ, ಕೋಲಿನಂಗ ನಿಂತ್ಕಂತು.
ಕಾಳು ತುಂಬಿದ್ದು ಬಾಗಬೇಕಲ್ರಿ.’

ದಂಡ ಕಟ್ಟಿದೆ: ಎಂಟು ಜನಕ್ಕೆ ಮಂಡಕ್ಕಿ.
ಎಣ್ಣೆ ಕೈ ಒರೆಸಲು ಹಾಲಮ್ಮ ಕೌದಿಯ
ಹೊಲಿಯದ ಮೂಲೆಯನ್ನೇ ಮುಂದೆ ಚಾಚಿದರು.

ರಾತ್ರಿ ಹರಿಹರಕ್ಕೆ ಫೋನು ಮಾಡಿದೆ.
ನನಗಿಂತ ಮೊದಲು ಅವಳೇ:
‘ಎರಡು ತೆನಿ ಮುಗಿಸೀನಿ. ಏಳನೇ ಸಾಲಲ್ಲಿ
ಯಾಕೋ ಒಂದು ಮನಿ ಹೆಚ್ಚು ಬರ್ತೈತಿ. ತೆಗೀಲಾ?’

ಬೇಡ, ಅಂದೆ. ಆಮೇಲೆ ಮೆಹತಾಬಳ ಹೆಸರು ಹೇಳಿದೆ.
ಲೈನು ಸರಿಯಿರಲಿಲ್ಲ;
ಇನ್ನೊಂದು ಸಲ ಹೇಳಿದೆ, ಬಿಡಿಬಿಡಿಯಾಗಿ.